ಸನ್ನಿಯಲ್ಲಿ ಆಡಿದ ಮಾತು

ಕಣ್ಣಿಗೆ ಪೊರೆ ಬಂದ ಮೇಲೆ ಮಲ್ಲಕ್ಕ ಕುರಿಗಳನ್ನು ಕೈಯಿಂದಲೇ ನೋಡುತ್ತಿದ್ದಳು. ತಾಳ್ಯದ ಆಚೆಗಿನ ಆ ಹಟ್ಟಿಯಲ್ಲಿ ಅವಳ ವಾರಿಗೆಯ ಹೆಂಗಸರೆಲ್ಲ ಮೂಲೆ ಹಿಡಿದಿದ್ದರು. ಅವಳು ಮಾತ್ರ ದಿನಾ ಸಂಜೆ ರೊಪ್ಪದ ಬಾಗಿಲಲ್ಲಿ ಕೂತು, ಒಳಗೆ ನುಗ್ಗುವ ಒಂದೊಂದು ಕುರಿಯ ಬೆನ್ನು, ಹೊಟ್ಟೆ ಸವರಿ, "ಇದು ಬರೋ ವಾರ ಈಯ್ತೈತೆ", "ಇದಕ್ಕೆ ಗೊರಸು ಕೊಳೀತೈತೆ, ನೋಡ್ರೋ" ಎಂದು ಹೇಳುವಳು. ಹೇಳಿದ್ದು ತಪ್ಪುತ್ತಿರಲಿಲ್ಲ. ಕುರಿಗಳಿಗೇನೋ ಕೈ ಸಾಕಾಗಿತ್ತು. ಮನುಷ್ಯರಿಗೆ ಸಾಲುತ್ತಿರಲಿಲ್ಲ. ಎದುರಿಗೆ ನಿಂತ ಮಗ ಚಿಕ್ಕತಿಮ್ಮಪ್ಪನ ಮುಖ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿತ್ತು. ಮಾತಾಡಿದರೆ ಮಗ, ಇಲ್ಲದಿದ್ದರೆ ಬಾಗಿಲ ಕಂಬ.

ಆಪರೇಷನ್ ಮಾಡಿಸಬೇಕೆಂದು ಹಟ ಹಿಡಿದವಳು ಸೊಸೆ ಓಬಕ್ಕ. ಅವಳು ಬಾಗೂರಿನವಳು, ಮಲ್ಲಕ್ಕನ ತೀರಿಕೊಂಡ ತಮ್ಮನ ಮಗಳು. ಸೋದರತ್ತೆಯೇ ಗಂಡನ ತಾಯಿ. ಹಟ್ಟಿಯಲ್ಲಿ ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ನೋಡಿ ಉಳಿದ ಸೊಸೆಯರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಓಬಕ್ಕನಿಗೆ ಐದು ತಿಂಗಳು ತುಂಬಿತ್ತು.

"ನನ್ ಕೂಸಿನ ಮಖ ನೋಡಬ್ಯಾಡವಾ ನೀನು?" ಎಂದು ಅವಳು ದಿನಾ ಪೀಡಿಸಿದಳು. "ಹೊಳಲ್ಕೆರೇಲಿ ಕಣ್ಣಿನ ಕ್ಯಾಂಪ್ ಐತಂತೆ. ನಾನೇ ಜತೆಗೆ ಬತ್ತೀನಿ. ಹೋಗಾಣ ಬಾ ಅತ್ತೆ."

ಅವಳು ಹಾಗೆ ಕೇಳುವುದಕ್ಕೆ ಕಾರಣವಿತ್ತು. ಹಿಂದೊಂದು ಚಳಿಗಾಲ ಇವರು ಹೊಸದುರ್ಗದ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ಮಂದೆ ತರುಬಿದ್ದಾಗ ಓಬಕ್ಕನ ಚೊಚ್ಚಲ ಗಂಡುಕೂಸು ತೀರಿಕೊಂಡಿತ್ತು. ಅವತ್ತು ಓಬಕ್ಕನಿಗೆ ಮೈ ಕೆಂಡದಂಥ ಜ್ವರ. ಮಲ್ಲಕ್ಕ ಕೂಸನ್ನು ತನ್ನ ಕಂಬಳಿಯೊಳಗೆ ಹಾಕಿಕೊಂಡು ಮಲಗಿದ್ದಳು. ಬೆಳಗ್ಗೆ ನೋಡಿದರೆ ಕೂಸು ತಣ್ಣಗಾಗಿತ್ತು. ಚಳಿಗೆ ಹೋಯಿತು ಎಂದರು ಕೆಲವರು, ಗಾಳಿ ಸೋಂಕಿತು ಎಂದರು ಕೆಲವರು. ಬದುವಿನ ಮೇಲೆ ಹೂತು, ಮಂದೆ ಎಬ್ಬಿಸಿಕೊಂಡು ಮುಂದಿನ ಹೊಲಕ್ಕೆ ನಡೆದರು. ದಾರಿಯುದ್ದಕ್ಕೂ ಓಬಕ್ಕ ಅತ್ತೆಯ ಹೆಗಲಿಗೆ ಮುಖ ಒತ್ತಿಕೊಂಡು ಅತ್ತಿದ್ದಳು. ಆ ಸಾವಿನ ಬಗ್ಗೆ ಒಂದು ಅನುಮಾನದ ಮಾತು ಅವತ್ತಿನಿಂದ ಇವತ್ತಿನವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ.

ಕ್ಯಾಂಪು ನಡೆದದ್ದು ಹೊಳಲ್ಕೆರೆಯ ಒಂದು ಛತ್ರದಲ್ಲಿ, ಎಪ್ಪತ್ಮೂರನೇ ಇಸವಿಯ ಚಳಿಗಾಲ. ಉದ್ದನೆಯ ಪಡಸಾಲೆಯಲ್ಲಿ ಸಾಲಾಗಿ ಮಂಚ ಹಾಕಿದ್ದರು. ಊರೂರು ತಿರುಗಿ ಕಣ್ಣು ಬಿಡಿಸಿ ಹೆಸರಾದ ದೊಡ್ಡ ಡಾಕ್ಟರೊಬ್ಬರು ಕತ್ತರಿಸುವ ಕೆಲಸ ಮಾಡುತ್ತಿದ್ದರು. ಅವರ ಕೈಕೆಳಗೆ ಹಿರಿಯೂರಿನ ಅಂಜನಪ್ಪ ಎಂಬ ಚಿಕ್ಕ ವಯಸ್ಸಿನ ಡಾಕ್ಟರಿದ್ದ. ಕತ್ತರಿಸಿದ್ದು ಮಲ್ಲಕ್ಕನ ಬಲಗಣ್ಣು ಒಂದೇ ಆದರೂ, ಎರಡೂ ಕಣ್ಣಿಗೆ ಹತ್ತಿ ಇಟ್ಟು ಬಿಗಿಯಾಗಿ ಪಟ್ಟಿ ಸುತ್ತಿದರು. ತಲೆಯ ಅಕ್ಕಪಕ್ಕ ಮರಳು ತುಂಬಿದ ಚೀಲ ಇಟ್ಟರು.

"ತಲೆ ಅಲ್ಲಾಡಿಸಿದ್ರೆ ಕಣ್ಣು ಹೋಗುತ್ತೆ. ಕೆಮ್ಮಬಾರದು, ಏಳಬಾರದು, ಮಗ್ಗುಲಾಗಬಾರದು," ಎಂದರು ದೊಡ್ಡ ಡಾಕ್ಟರು. ಅವರು ಅದನ್ನು ಪ್ರತಿ ಮಂಚದ ಹತ್ತಿರವೂ ಒಂದೇ ಧಾಟಿಯಲ್ಲಿ ಹೇಳುತ್ತಾ ಹೋದರು.

ಎದ್ದು ಹೊರಗೆ ಹೋಗಬೇಕಾಗುತ್ತದೆಂದು ನೀರು ಕಡಿಮೆ ಕೊಟ್ಟರು. ಒದ್ದಾಡಬಾರದೆಂದು ನಿದ್ದೆ ಮಾತ್ರೆ ಕೊಟ್ಟರು. ಹುಟ್ಟಿದಾಗಿನಿಂದ ಬಯಲಲ್ಲಿ ಮಲಗಿ ಎದ್ದ ಮಲ್ಲಕ್ಕ ಡೆಟಾಲಿನ ವಾಸನೆಯ ಕತ್ತಲಲ್ಲಿ ಕಲ್ಲಿನ ಹಾಗೆ ಬಿದ್ದುಕೊಂಡಳು. ಮೊದಲ ದಿನ ಗುಬ್ಬಿ ಕೂಗಿದಾಗ ಬೆಳಗಾಯಿತು, ಗಾಡಿ ಎತ್ತಿನ ಗಂಟೆ ಕೇಳಿದಾಗ ಸಂಜೆಯಾಯಿತು ಎಂದು ಅಂದಾಜು ಮಾಡಿದಳು. ಮಾತ್ರೆಯ ಮಂಪರಿನಲ್ಲಿ ಆ ಅಂದಾಜೂ ಕೈಬಿಟ್ಟಿತು. ನಾಲಿಗೆ ಅಂಗುಳಕ್ಕೆ ಅಂಟಿತು. ಮಧ್ಯಾಹ್ನವೇ ಅವಳು, "ಓಬಿ, ಕುರಿ ಬಂದ್ವು, ರೊಪ್ಪದ ಬಾಗ್ಲು ತೆಗಿ" ಎಂದಳು. ಓಬಕ್ಕ ನಕ್ಕು, "ಇದು ಛತ್ರ ಕಣತ್ತೆ" ಎಂದಳು. ಮಲ್ಲಕ್ಕ ನಗಲಿಲ್ಲ.

ಮರುದಿನದ ಹೊತ್ತಿಗೆ ಛತ್ರವೇ ಇಲ್ಲವಾಯಿತು. ಮಲ್ಲಕ್ಕ ಹೊಸದುರ್ಗದ ಕಡೆಯ ಹೊಲದಲ್ಲಿದ್ದಳು. ಸುತ್ತ ಮಂದೆ ಬೆದರಿ ಮಿಸುಕುತ್ತಿತ್ತು. ಪಕ್ಕದ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದ ಮುದುಕನ ಉಸಿರು ಅವಳಿಗೆ ತೋಳದ ಏದುಸಿರಾಗಿ ಕೇಳಿಸಿತು. ತೋಳ ಅಷ್ಟು ಹತ್ತಿರ ಬಂದಿದೆ, ಕೈಗೆ ಕೋಲಿಲ್ಲ, ಯಾರೋ ತನ್ನ ಕಣ್ಣಿಗೆ ಬಟ್ಟೆ ಕಟ್ಟಿದ್ದಾರೆ! ಅವಳು ಪಟ್ಟಿ ಕಿತ್ತುಕೊಳ್ಳಲು ಕೈ ಹಾಕಿದಳು. ವಾರ್ಡಿನ ಆಳುಗಳು ಓಡಿ ಬಂದು ಅವಳ ಎರಡೂ ಕೈಗಳನ್ನು ಮಂಚದ ಕಂಬಿಗೆ ಕಟ್ಟಿದರು. ಉಣ್ಣೆ ಕತ್ತರಿಸಲು ಕುರಿಯ ಕಾಲು ಕಟ್ಟುತ್ತಾರಲ್ಲ, ಹಾಗೆ. ಮಲ್ಲಕ್ಕ ಕುರಿಯಂತೆಯೇ ಒದರಿದಳು. ಪಟ್ಟಿ ಕಟ್ಟಿದ್ದ ಉಳಿದ ಮುದುಕರು ಕಾಣದ ಕಣ್ಣಿನಲ್ಲೇ ಆ ಕಡೆ ಮುಖ ತಿರುಗಿಸಿ, "ಸನ್ನಿ ಹಿಡೀತು ಮುದುಕಿಗೆ" ಎಂದು ಪಿಸುಗುಟ್ಟಿದರು.

ದೊಡ್ಡ ಡಾಕ್ಟರು ಬಂದು ನೋಡಿ, "ಇನ್ನೊಂದು ಮಾತ್ರೆ ಕೊಡಿ" ಎಂದು ಮುಂದೆ ಹೋದರು. ಕೊಟ್ಟರು. ಹಿಡಿದಿದ್ದ ಸನ್ನಿ ಇನ್ನಷ್ಟು ಬಿಗಿಯಿತು. ಕೂಗುವುದು ನಿಂತು ಗುನುಗುವುದು ಶುರುವಾಯಿತು.

"ಸುಮ್ಕಿರು ಮಗನೇ, ಸುಮ್ಕಿರು. ಅತ್ರೆ ತೋಳ ಕೇಳಿಸ್ಕಂತೈತೆ."

ಓಬಕ್ಕ ಒದ್ದೆ ಬಟ್ಟೆಯಿಂದ ಅವಳ ತುಟಿ ಒರೆಸುತ್ತಿದ್ದಳು.

"ಬಾಯಿ ಮುಚ್ಚಿದೆ... ಹಿಂಗೆ... ಹಿಂಗೆ. ಸುಮ್ಕಾತು. ಓಬಿಗೆ ಹೇಳಬ್ಯಾಡ್ರಿ."

ತುಟಿಯ ಮೇಲಿನ ಕೈ ನಿಂತಿತು. "ಯಾರ ಬಾಯಿ ಮುಚ್ಚಿದೆ ಅತ್ತೆ?"

"ಕೂಸಿಂದು."

"ಯಾರ ಕೂಸು? ನನ್ ಕೂಸಾ?"

"ಹೂಂ."

"ಉಸಿರು ನಿಂತಿದ್ದು ಗೊತ್ತಾತಾ ನಿಂಗೆ?"

"ಹೂಂ."

"ಗೊತ್ತಿದ್ದೂ ಬೆಳಗಾನ ಸುಮ್ನಿದ್ದೆಯಾ?"

"ಹೂಂ."

ಆ ಹೊತ್ತಿನಲ್ಲಿ ಮಲ್ಲಕ್ಕನನ್ನು 'ನೀನು ಸೂರ್ಯನನ್ನು ನುಂಗಿದೆಯಾ' ಎಂದು ಕೇಳಿದ್ದರೂ ಹೂಂ ಎನ್ನುತ್ತಿದ್ದಳು. ಬೆಳಗ್ಗೆ ತಾನೇ ಪಕ್ಕದ ಮಂಚದ ಮುದುಕ ತಮಾಷೆಗೆ, "ನಾನ್ಯಾರು, ನಿನ್ ಗಂಡನಾ?" ಎಂದದ್ದಕ್ಕೂ ಹೂಂ ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಓಬಕ್ಕನೂ ನಕ್ಕಿದ್ದಳು. ಆದರೆ ಮಧ್ಯಾಹ್ನದ ಹೂಂಗಳನ್ನು ಅವಳು ಆ ನಗುವಿನ ಜೊತೆ ಸೇರಿಸಲಿಲ್ಲ. ಅವಳು ಬಟ್ಟೆಯನ್ನು ಬಟ್ಟಲಿಗೆ ಹಾಕಿ, ಎದ್ದು, ಹೊರಗಿನ ಜಗಲಿಯ ಮೇಲೆ ಹೋಗಿ ಕೂತಳು. ಮತ್ತೆ ಒಳಗೆ ಬರಲಿಲ್ಲ.

ಅಂಜನಪ್ಪ ಸಂಜೆ ಬಂದಾಗ ಮುದುಕಿಯ ತುಟಿ ಬಿರಿದು ರಕ್ತ ಬಂದಿತ್ತು. ಆ ಕ್ಯಾಂಪಿನಲ್ಲಿ ಹೀಗಾದ ಮುದುಕರಲ್ಲಿ ಇವಳು ಮೊದಲನೆಯವಳಲ್ಲ. ಅವನಿಗೆ ಏನನ್ನಿಸಿತೋ, ದೊಡ್ಡ ಡಾಕ್ಟರು ಊಟಕ್ಕೆ ಹೋದ ಹೊತ್ತು ನೋಡಿ, ಕತ್ತರಿಸದ ಎಡಗಣ್ಣಿನ ಪಟ್ಟಿ ಬಿಚ್ಚಿದ. ಕೈಯ ಕಟ್ಟು ಬಿಚ್ಚಿದ. ಮಾತ್ರೆ ನಿಲ್ಲಿಸಿದ. ಚಮಚದಲ್ಲಿ ನೀರು ಹಾಕಿದ. "ಇವರ ಕಡೆಯವರು ಯಾರು? ಬಂದು ಕೈ ಹಿಡ್ಕೊಂಡು ಮಾತಾಡ್ಸಿ," ಎಂದು ಕರೆದ. ಜಗಲಿಯಲ್ಲಿದ್ದ ಓಬಕ್ಕ ತಲೆ ಎತ್ತಲಿಲ್ಲ. ಕೊನೆಗೆ ಅವನೇ ಕೂತು, ಇದು ಹೊಳಲ್ಕೆರೆ, ನಾನು ಡಾಕ್ಟ್ರು, ಈಗ ಸಂಜೆ ಎಂದು ಹೇಳುತ್ತಲೇ ಇದ್ದ.

ಎಡಗಣ್ಣಿನ ಮಬ್ಬಿನೊಳಗೆ ಕಿಟಕಿಯ ಬೆಳಕು ಬಂತು. ಮಾರನೆಯ ದಿನ ಆ ಬೆಳಕು ಬಾಗಿಲಿಂದ ಬಾಗಿಲಿಗೆ ಸರಿಯುವುದನ್ನು ನೋಡುತ್ತಾ ನೋಡುತ್ತಾ ಮಲ್ಲಕ್ಕ ತಿರುಗಿ ಬಂದಳು. ಕೆಸರಿನಿಂದ ಕಾಲು ಕಿತ್ತುಕೊಂಡ ಹಾಗೆ. "ನಮ್ ಓಬಿ ಎಲ್ಲಿ? ಉಂಡ್ಳಾ?" ಎಂಬುದು ಅವಳ ಮೊದಲ ಬುದ್ಧಿಯ ಮಾತು.

ಓಬಕ್ಕ ಆಗಲೇ ತಾಳ್ಯದ ಬಸ್ಸು ಹತ್ತಿ ಹೋಗಿದ್ದಳು.

ಬಲಗಣ್ಣಿನ ಪಟ್ಟಿ ಬಿಚ್ಚಿ ದಪ್ಪ ಗಾಜಿನ ಕನ್ನಡಕ ಹಾಕಿದ ದಿನ ಮಲ್ಲಕ್ಕನಿಗೆ ಮೊದಲು ಕಂಡದ್ದು ಮಗನ ಮುಖ. ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ಅವನ ಕಿವಿಯ ಹತ್ತಿರ ಎರಡು ಬಿಳಿ ಕೂದಲು ಕೂಡ ಕಂಡವು. ಅವಳು ಸಂತೋಷದಿಂದ ಅವನ ಕೆನ್ನೆ ಹಿಡಿದಳು. ಚಿಕ್ಕತಿಮ್ಮಪ್ಪ ನೆಲ ನೋಡಿದ.

ಹಟ್ಟಿಗೆ ಬಂದ ಮೇಲೆ ಅವಳು ಕಣ್ತುಂಬ ನೋಡಿದ್ದು ಬೆನ್ನುಗಳನ್ನು. ಓಬಕ್ಕ ಅವಳಿಗೆ ಬೇರೆ ತಟ್ಟೆಯಲ್ಲಿ ಮುದ್ದೆ ಹಾಕಿ, ಹೊಸ್ತಿಲಲ್ಲಿಟ್ಟು ತಿರುಗಿ ಹೋಗುವಳು. ಮಲ್ಲಕ್ಕ ಬಾವಿಗೆ ಬಂದರೆ ನೀರು ಸೇದುವ ಹೆಂಗಸರು ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ನಡೆಯುವರು. ರೊಪ್ಪದ ಬಾಗಿಲಲ್ಲಿ ಕೂತರೆ ಮಕ್ಕಳನ್ನು ಹೆಸರು ಹಿಡಿದು ಒಳಗೆ ಕರೆಯುವರು. "ನಾನೇನ್ ಮಾಡ್ದೆ, ಹೇಳ್ರೇ" ಎಂದು ಅವಳು ಕೇಳಿದಳು, ಬೈದಳು, ಅತ್ತಳು. ಕಡೆಗೆ ಒಂದು ದಿನ ಕುರಿಯ ಉಣ್ಣೆ ಕತ್ತರಿಸುತ್ತಿದ್ದ ಮಗನ ಕೈಯಿಂದ ಕತ್ತರಿ ಕಿತ್ತುಕೊಂಡಳು.

"ಹೇಳ್ತೀಯೋ, ಇಲ್ಲಾ ಇದನ್ನ ಕುತ್ತಿಗೆಗೆ ಹಾಕ್ಕಳ್ಲೋ?"

ಅವನು ಹೇಳಿದ. ಕುರಿಯ ಕಾಲು ಹಿಡಿದುಕೊಂಡೇ, ತಲೆ ಎತ್ತದೆ, ಓಬಕ್ಕ ಕೇಳಿದ್ದು, ಇವಳು ಹೂಂ ಎಂದದ್ದು ಎಲ್ಲ.

"ನಾನಂದ್ನಾ?" ಎಂದಳು ಮಲ್ಲಕ್ಕ.

"ಛತ್ರದಾಗಿದ್ದೋರೆಲ್ಲ ಕೇಳ್ಯಾರೆ."

"ನೀನು ನಂಬ್ತೀಯೇನೋ?"

ಕುರಿ ಕಾಲು ಜಾಡಿಸಿತು. ಅವನು ಅದನ್ನು ಹಿಡಿದು ಅದುಮಿದ. "ನನ್ನ ಏನೂ ಕೇಳಬ್ಯಾಡವ್ವಾ," ಎಂದ.

ಮಲ್ಲಕ್ಕ ತನ್ನೊಳಗೆ ಹುಡುಕಿದಳು. ಕಳೆದುಹೋದ ಮರಿಯನ್ನು ಗಿಡಗಿಡದ ಬುಡದಲ್ಲಿ ಹುಡುಕುವ ಹಾಗೆ ಆ ಹಳೆಯ ರಾತ್ರಿಯನ್ನು ಹುಡುಕಿದಳು. ಚಳಿ ಇತ್ತು. ಕೂಸು ಅಳುತ್ತಿತ್ತು. ದೂರದಲ್ಲಿ ತೋಳ ಊಳಿಟ್ಟದ್ದು ನಿಜ. ಕಂಬಳಿ ಎಳೆದುಕೊಂಡದ್ದು ನಿಜ. ಕಂಬಳಿ ಕೂಸಿನ ಎದೆವರೆಗೆ ಎಳೆದಳೋ, ಮೂಗಿನವರೆಗೆ ಎಳೆದಳೋ? ಕೈ ಎಲ್ಲಿತ್ತು? ನಿದ್ದೆ ಬಂದದ್ದು ಯಾವಾಗ? ಅದರಿಂದಾಚೆ ಏನೂ ಇರಲಿಲ್ಲ, ತಣ್ಣಗಿನ ಬೆಳಗು ಮಾತ್ರ. ಛತ್ರದ ದಿನಗಳನ್ನಂತೂ ಯಾರೋ ಅವಳಿಂದ ಕತ್ತರಿಸಿ ಎಸೆದ ಹಾಗಿತ್ತು. ಮುಂಚೆ ಈ ಪ್ರಶ್ನೆಯೇ ಇರಲಿಲ್ಲ. ಈಗ ಪ್ರಶ್ನೆ ಇತ್ತು, ಉತ್ತರದ ಜಾಗ ಖಾಲಿ ಇತ್ತು.

ಓಬಕ್ಕನಿಗೆ ನೋವು ಬಂದ ದಿನ ಮಲ್ಲಕ್ಕ ಬಾಗಿಲ ಹೊರಗೆ ಕೂತಿದ್ದಳು. ಹೆರಿಗೆ ಕಷ್ಟವಾಗಿತ್ತು. ಒಳಗಿನಿಂದ ಓಬಕ್ಕನ ಚೀರು ಕೇಳಿ ತಡೆಯಲಾರದೆ, "ಎಡಗಡೆ ಮಗ್ಗುಲಾಗು ಓಬಿ, ಎಡಗಡೆ" ಎಂದು ಕೂಗಿದಳು. ಒಳಗೆ ಚೀರಾಟ ಒಂದು ಗಳಿಗೆ ನಿಂತಿತು. ಆಮೇಲೆ ಓಬಕ್ಕನ ಧ್ವನಿ ಬಂತು, ಹಲ್ಲು ಕಚ್ಚಿದ ಧ್ವನಿ: "ಅವಳನ್ನ ಬಾಗ್ಲಿಂದ ದೂರ ಕಳಿಸ್ರಿ. ಅವಳು ಇರಗಂಟ ನಾನು ಹಡೆಯಲ್ಲ. ಹೊಟ್ಟೆಯಾಗೇ ಸಾಯ್ಲಿ, ಅವಳ ಕೈಗೆ ಮಾತ್ರ ಕೊಡಲ್ಲ."

ಇಬ್ಬರು ಹೆಂಗಸರು ಬಂದು ಮಲ್ಲಕ್ಕನ ರಟ್ಟೆ ಹಿಡಿದು ರೊಪ್ಪದ ಕಡೆ ನಡೆಸಿಕೊಂಡು ಹೋದರು. ಹೆಣ್ಣುಕೂಸು ಹುಟ್ಟಿತು. ಕುರಿಗಳ ನಡುವೆ ಕೂತೇ ಅವಳು ಅದರ ಮೊದಲ ಅಳು ಕೇಳಿದಳು.

ಹಟ್ಟಿಯ ಹಿರಿಯ ಪಾಲಯ್ಯ ಕೆಟ್ಟವನಲ್ಲ. ಅವನು ಇದಕ್ಕೊಂದು ಕೊನೆ ಕಾಣಿಸಬೇಕೆಂದು ಹೊರಟ. "ಮಲ್ಲಕ್ಕ, ದೇವರ ಮುಂದೆ ಕರ್ಪೂರ ಹಚ್ತೀನಿ. 'ಕೂಸಿನ ಸಾವು ನನ್ನಿಂದ ಆಗಿಲ್ಲ' ಅಂತ ಅಂದು ಕೈಯಾಗೆ ಆರಿಸಿಬಿಡು. ಆಮ್ಯಾಲೆ ಯಾವಳಾದ್ರೂ ತುಟಿ ಪಿಟಕ್ ಅಂದ್ರೆ ನಾನಿದೀನಿ." ಹಟ್ಟಿಯೆಲ್ಲ ಸೇರಿತು. ಓಬಕ್ಕನೂ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ದೂರದಲ್ಲಿ ನಿಂತಳು. ಕರ್ಪೂರ ಉರಿಯಿತು. ಮಲ್ಲಕ್ಕ ಕೈ ಎತ್ತಿದಳು. ಕೈ ಅಲ್ಲೇ ನಿಂತಿತು.

"ಅನ್ನು ಮಲ್ಲಕ್ಕ."

"ಬೇಕಂತ ಮಾಡಿಲ್ಲ ಅಂತ ಅಂತೀನಿ, ಪಾಲಯ್ಯ."

"ಹಂಗಲ್ಲ. ನನ್ನಿಂದ ಆಗಿಲ್ಲ ಅನ್ನು."

"ನಿದ್ದೇಲಿ ಏನಾತೋ ನಂಗೆ ಗೊತ್ತಿಲ್ವಲ್ಲಪ್ಪ. ಗೊತ್ತಿಲ್ಲದ್ದಕ್ಕೆ ದೇವರ ಮುಂದೆ ಹೆಂಗೆ ಆಣೆ ಮಾಡ್ಲಿ?"

ಕರ್ಪೂರ ತನ್ನಷ್ಟಕ್ಕೆ ಉರಿದು ಆರಿತು. ಜನ ಗುಸುಗುಸು ಎನ್ನುತ್ತಾ ಚದುರಿದರು. ಸುಳ್ಳು ಆಣೆ ಮಾಡುವ ಧೈರ್ಯ ಇದ್ದಿದ್ದರೆ ಅವಳು ಅವತ್ತೇ ಗೆಲ್ಲುತ್ತಿದ್ದಳು.

ಅದೇ ಬೇಸಿಗೆಯಲ್ಲಿ ಅಂಜನಪ್ಪ ಹಟ್ಟಿಗೆ ಬಂದ. ಅವನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಜಿಲ್ಲಾ ಕೇಂದ್ರವಾದ ದುರ್ಗದಲ್ಲಿ ಡಾಕ್ಟರುಗಳ ಒಂದು ಸಭೆ ಇತ್ತು. ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಬರುವ ಸನ್ನಿಯ ಬಗ್ಗೆ ಅವನು ಮಾತಾಡುವವನಿದ್ದ. ಸನ್ನಿ ಹಿಡಿದು ಚೆನ್ನಾಗಿ ವಾಸಿಯಾದವಳೆಂದು ಇವಳನ್ನು ತೋರಿಸಬೇಕೆಂದು ಬಂದಿದ್ದ. ಮಲ್ಲಕ್ಕ ಅವನ ಮಾತೆಲ್ಲ ಕೇಳಿ, "ಬತ್ತೀನಿ ಸ್ವಾಮಿ," ಎಂದಳು. "ಆಮ್ಯಾಲೆ ನೀವೂ ಒಂದ್ಸಲ ಬಂದು, ಸನ್ನೀಲಿ ಆಡಿದ್ದು ನಿಜ ಅಲ್ಲ ಅಂತ ನನ್ ಸೊಸೆ ಮುಂದೆ ಹೇಳಬೇಕು." ಅಂಜನಪ್ಪ ಒಪ್ಪಿದ.

ಸಭೆಯಲ್ಲಿ ಅವಳನ್ನು ಎಲ್ಲರ ಮುಂದೆ ಕುರ್ಚಿಯ ಮೇಲೆ ಕೂರಿಸಿದರು. ಅವಳು ಕುರ್ಚಿಯ ತುದಿಯಲ್ಲಿ ಕೂತು ಸೆರಗು ಬಿಗಿಹಿಡಿದುಕೊಂಡಳು. ಅಂಜನಪ್ಪ ಚೆನ್ನಾಗಿಯೇ ಮಾತಾಡಿದ. ಇದನ್ನು ವಯಸ್ಸಿನ ಅರಳುಮರಳು ಎಂದು ಬಿಟ್ಟುಬಿಡುತ್ತಿದ್ದೇವೆ, ಅದು ತಪ್ಪು, ಎಂದ. ಇದು ಕಣ್ಣು ಕಟ್ಟುವುದರಿಂದ ಬರುತ್ತದೋ, ಕಣ್ಣಿಗೆ ಬಿಡುವ ಹನಿಯಿಂದಲೋ, ನಿದ್ದೆ ಮಾತ್ರೆಯಿಂದಲೋ, ಬಾಯಾರಿ ಒಣಗುವುದರಿಂದಲೋ ನಮಗೆ ತಿಳಿದಿಲ್ಲ; ಮೊದಲು ಅದನ್ನು ಬೇರೆಬೇರೆ ಮಾಡಿ ನೋಡಬೇಕು. ಯಾವ ಮುದುಕರಿಗೆ ಬರುತ್ತದೆಂದು ಮುಂಚೆಯೇ ಗುರುತಿಸಲು ಆಗುತ್ತದಾ? ಒಂದು ಕಣ್ಣು ಬಿಟ್ಟು, ಮನೆಯವರನ್ನು ಪಕ್ಕದಲ್ಲಿ ಕೂರಿಸಿದರೆ ತಡೆಯಬಹುದಾ? ಬಂದು ಹೋದ ಮೇಲೆ ಬುದ್ಧಿ ಮೊದಲಿನ ಹಾಗೇ ಉಳಿಯುತ್ತದಾ?

ಹೊಳಲ್ಕೆರೆ ಕ್ಯಾಂಪಿನ ದೊಡ್ಡ ಡಾಕ್ಟರು ಮುಂದಿನ ಸಾಲಿನಲ್ಲಿದ್ದರು. "ಅಂಜನಪ್ಪನವರೇ," ಎಂದರು, "ನಮ್ಮ ಜಿಲ್ಲೆಯಲ್ಲಿ ಕ್ಷಯ ಇದೆ, ಕಾಲರಾ ಇದೆ, ಮಕ್ಕಳು ಭೇದಿಯಿಂದ ಸಾಯ್ತಾ ಇದ್ದಾರೆ. ನೀವು ಮುದುಕರು ಬಡಬಡಿಸೋದಕ್ಕೆ ಸಂಶೋಧನೆ ಮಾಡಬೇಕು ಅಂತೀರಿ." ಸಭೆ ನಕ್ಕಿತು.

ಇನ್ನೊಬ್ಬರು ಎದ್ದು, ಮುದುಕಿಯ ಬುದ್ಧಿ ನೋಡೋಣ ಎಂದರು. ಇದು ಯಾವ ಊರು? ದುರ್ಗ ಸ್ವಾಮಿ. ಇವತ್ತು ಯಾವ ವಾರ? ಶುಕ್ರವಾರ. ಇಪ್ಪತ್ತು ಕುರೀಲಿ ಮೂರು ಸತ್ತರೆ ಎಷ್ಟು ಉಳಿದವು?

"ಹದಿನೇಳು. ಯಾವ ರೋಗಕ್ಕೆ ಸತ್ವು ಅಂತ ನೋಡ್ದಿದ್ರೆ ಅವೂ ಉಳಿಯಲ್ಲ."

ಮತ್ತೆ ನಕ್ಕರು. ಅವರಿಗೆ ಅವಳು ಹಿಡಿಸಿದಳು. "ಅವತ್ತು ಏನೇನು ಬಡಬಡಿಸಿದೆ, ಕೈ ಹೆಂಗೆ ಮಾಡಿದೆ, ಸ್ವಲ್ಪ ತೋರಿಸು ಅಜ್ಜಿ," ಎಂದಿತು ಹಿಂದಿನಿಂದ ಒಂದು ಧ್ವನಿ.

ಮಲ್ಲಕ್ಕ ಎದ್ದು ನಿಂತಳು. "ನಂಗೇ ಗೊತ್ತಿಲ್ಲ ಸ್ವಾಮಿ. ಕೂಸಿನ ಬಾಯಿ ಮುಚ್ಚಿ ಕೊಂದೆ ಅಂದ್ನಂತೆ. ನೀವೆಲ್ಲ ಓದಿದೋರು. ಈ ಡಾಕ್ಟ್ರಪ್ಪ ಏನೇನೋ ಹುಡುಕಬೇಕು ಅಂತಾರೆ, ಹುಡುಕ್ರಿ. ಆದ್ರೆ ಮೊದ್ಲು ಇದನ್ನ ಹುಡುಕ್ರಿ. ಸನ್ನೀಲಿ ಬಾಯಿಗೆ ಬರೋದು ನಿಜವಾ, ಸುಳ್ಳಾ? ಉಳಿದದ್ದು ನಿಧಾನಕ್ಕೆ ನೋಡೀರಂತೆ."

ದೊಡ್ಡ ಡಾಕ್ಟರು ಕೈಗಡಿಯಾರ ನೋಡಿಕೊಂಡು, "ಅದು ನಮ್ಮ ಇಲಾಖೆ ಅಲ್ಲಜ್ಜಿ, ಪೊಲೀಸರದು," ಎಂದರು. ಈ ಸಲದ ನಗು ಎಲ್ಲಕ್ಕಿಂತ ಜೋರಾಗಿತ್ತು. ಕಾಫಿ ಬಂತು. ಅವಳಿಗೂ ಒಂದು ಲೋಟ ಕೊಟ್ಟರು.

ಅಂಜನಪ್ಪ ಮಾತು ಉಳಿಸಿಕೊಂಡ. ಭಾನುವಾರ ಹಟ್ಟಿಗೆ ಬಂದು ಓಬಕ್ಕನ ಮನೆಯ ಮುಂದೆ ಕೂತ. ಪಾಲಯ್ಯನೂ ಬಂದ. ಮಲ್ಲಕ್ಕ ಕಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂತಳು.

"ನೋಡಮ್ಮ," ಎಂದ ಅಂಜನಪ್ಪ, "ಅದು ರೋಗ. ನಿಮ್ಮತ್ತೆಯ ತಪ್ಪಿಲ್ಲ. ನಾವು ಕಣ್ಣು ಕಟ್ಟಿದ್ದು, ನೀರು ಕೊಡದೇ ಇದ್ದದ್ದು, ಮಾತ್ರೆ ಕೊಟ್ಟದ್ದು, ಎಲ್ಲ ಸೇರಿ ಹಂಗಾಯ್ತು. ಆಗ ಅವರಿಗೆ ಎಲ್ಲಿದ್ದೀನಿ ಅಂತಲೇ ಗೊತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ ಹೂಂ ಅಂತಾರೆ."

ಓಬಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಬಹಳ ದಿನದಿಂದ ಬಿಗಿದಿದ್ದ ಏನೋ ಸಡಿಲವಾಗುತ್ತಿತ್ತು. ಮಲ್ಲಕ್ಕ ಅದನ್ನು ದಪ್ಪ ಗಾಜಿನೊಳಗಿಂದ ಕಂಡಳು. ಓಬಕ್ಕ ನಂಬಲು ಬಯಸುತ್ತಿದ್ದಾಳೆ, ಇನ್ನೊಂದು ಮಾತು ಸಾಕು ಎಂದು ಅವಳಿಗೆ ಗೊತ್ತಾಯಿತು.

"ಹಂಗಾದ್ರೆ ಸನ್ನೀಲಿ ಆಡೋದೆಲ್ಲ ಸುಳ್ಳೇನ್ರಿ, ಡಾಕ್ಟ್ರೇ?" ಎಂದು ಓಬಕ್ಕ ಕೇಳಿದಳು. "ಎಲ್ಲಾನೂ? ಒಂದೂ ನಿಜ ಇರಲ್ವಾ?"

ಅಂಜನಪ್ಪ ಪ್ರಾಮಾಣಿಕ. ಅವನು ಯೋಚಿಸಿದ.

"ಹಂಗೆ ಖಂಡಿತವಾಗಿ ಹೇಳಕ್ಕಾಗಲ್ಲಮ್ಮ. ಕೆಲವರು ಆಗದೇ ಇದ್ದದ್ದು ಹೇಳ್ತಾರೆ. ಕೆಲವರು ಹಳೇದು ನಿಜವಾಗಿ ಆದದ್ದನ್ನೂ ಹೇಳ್ತಾರೆ. ಕಲಸಿಹೋಗಿರುತ್ತೆ. ಯಾವುದು ಯಾವುದು ಅಂತ... ನಮಗೆ ತಿಳಿದಿಲ್ಲ. ಯಾರೂ ಅದನ್ನ ಅಧ್ಯಯನ ಮಾಡಿಲ್ಲ."

"ಸಾಕು ಬಿಡ್ರಿ," ಎಂದಳು ಓಬಕ್ಕ. ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪಾಲಯ್ಯ ಡಾಕ್ಟರನ್ನು ಜೀಪಿನವರೆಗೆ ಬಿಟ್ಟು ಬಂದ. ಅಂಜನಪ್ಪ ಜೀಪು ಹತ್ತುವಾಗ ಮಲ್ಲಕ್ಕನಿಗೆ, "ಇನ್ನೊಂದು ಕಣ್ಣೂ ಮಾಡಿಸಿಕೊಳ್ಳಿ ಅಜ್ಜಿ, ಈ ಸಲ ಹಾಗಾಗಲ್ಲ," ಎಂದ. ಅದೂ ನಿಜವೇ. ಮುಂದಿನ ಕ್ಯಾಂಪುಗಳಲ್ಲಿ ಒಂದು ಕಣ್ಣು ಬಿಟ್ಟೇ ಪಟ್ಟಿ ಕಟ್ಟಿದರು, ಬಾಯಿಗೆ ಬೇಕಾದಷ್ಟು ನೀರು ಕೊಟ್ಟರು. ಸನ್ನಿ ಹಿಡಿಯುವವರು ಬಹಳ ಕಡಿಮೆಯಾದರು. ದೊಡ್ಡ ಡಾಕ್ಟರೇ ಈ ಹೊಸ ಪದ್ಧತಿ ತಂದರೆಂದು ಜನ ಹೊಗಳಿದರು.

ಓಬಕ್ಕನಿಗೆ ನಿದ್ದೆ ಹೋಗಿತ್ತು. ಮಗುವಿನ ಉಸಿರು ನೋಡುತ್ತಾ ಕೂತಿರುವಳು. ಕಣ್ಣಿನ ಸುತ್ತ ಕಪ್ಪು ಕಟ್ಟಿತು, ಹಾಲು ಬತ್ತುತ್ತಾ ಬಂತು. ಒಂದು ಬೆಳಗ್ಗೆ ಅವಳೇ ರೊಪ್ಪದ ಹತ್ತಿರ ಬಂದಳು. ಕ್ಯಾಂಪಿನ ನಂತರ ಅವಳು ಅತ್ತೆಯ ಹತ್ತಿರಕ್ಕೆ ತಾನಾಗಿ ಬಂದದ್ದು ಅದೇ ಮೊದಲು.

"ಅತ್ತೆ," ಎಂದಳು. "ನಂಗೆ ತಲೆ ಕೆಡ್ತೈತೆ. ಮಾಡಿಲ್ಲ ಅಂದ್ರೆ ನಂಬಕ್ಕಾಗಲ್ಲ, ಮಾಡಿದೆ ಅಂದ್ರೂ ನಂಬಕ್ಕಾಗಲ್ಲ. ಎರಡರ ಮಧ್ಯೆ ಉರೀತಾ ಇದೀನಿ. ಮಾಡಿದ್ರೆ ಮಾಡ್ದೆ ಅಂದುಬಿಡು. ನಾನು ಅತ್ತು ಮುಗಿಸ್ತೀನಿ. ನನ್ ಹಾಲು ಬತ್ತೋಗ್ತೈತೆ, ಅತ್ತೆ."

ಮಲ್ಲಕ್ಕ ಅವಳ ಮುಖವನ್ನೇ ನೋಡಿದಳು. ಆ ಮುಖ ಎಷ್ಟು ಸೊರಗಿದೆ ಎಂಬುದು ಕಾಣುತ್ತಿತ್ತು. ತುಟಿಯ ಸಿಪ್ಪೆ, ಕಣ್ಣಿನ ಕೆಂಪು, ಎಲ್ಲ. ತಮ್ಮನ ಮಗಳು. ಗೊತ್ತಿಲ್ಲ ಎಂಬ ನಿಜವನ್ನು ಇನ್ನೆಷ್ಟು ಸಲ ಹೇಳುವುದು? ಆ ನಿಜದಿಂದ ಯಾರ ಹೊಟ್ಟೆ ತುಂಬೀತು?

"ಹೂಂ," ಎಂದಳು. "ಮಾಡ್ದೆ."

"ಬೇಕಂತ?"

"ನಿದ್ದೆಗಣ್ಣಾಗೆ. ತೋಳ ಬತ್ತೈತೆ ಅಂತ ಬಾಯಿ ಮುಚ್ಚಿದ್ದೆ. ಮರ್ತು ಮಲಿಕ್ಕಂಡೆ."

ಓಬಕ್ಕ ಅಲ್ಲೇ ನೆಲಕ್ಕೆ ಕುಸಿದು ಹೊಟ್ಟೆ ಹಿಡಿದುಕೊಂಡು ಅತ್ತಳು. ಮಲ್ಲಕ್ಕ ಬಗ್ಗಿ ಅವಳ ತಲೆ ಮುಟ್ಟಲು ಹೋದಳು. ಓಬಕ್ಕ ಎದ್ದು ಆ ಕೈಯ ಮೇಲೆ ಉಗಿದಳು. ನೇರವಾಗಿ ಮನೆಗೆ ಹೋಗಿ ಮಗುವಿಗೆ ಹಾಲು ಕೊಟ್ಟು, ಪಕ್ಕದಲ್ಲೇ ಉರುಳಿ ಸಂಜೆಯವರೆಗೆ ಸತ್ತವಳಂತೆ ನಿದ್ದೆ ಮಾಡಿದಳು. ಎದ್ದ ಮೇಲೆ ಗಂಡನಿಗೆ ಒಂದೇ ಮಾತು ಹೇಳಿದಳು: "ಹಟ್ಟಿಯಾಗೆ ಅವಳಿದ್ರೆ ನಾನಿರಲ್ಲ."

ಚಿಕ್ಕಜಾಜೂರಿನಲ್ಲಿ ಮಲ್ಲಕ್ಕನ ತಂಗಿ ಕಾಳಕ್ಕ ಇದ್ದಳು. ಅವಳ ಮಗ ರೈಲ್ವೆ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಿದ್ದ. ಚಿಕ್ಕತಿಮ್ಮಪ್ಪ ತಾಯಿಯನ್ನು ಅಲ್ಲಿಗೆ ಕರೆತಂದು, ಕಂಬಳಿ ಮತ್ತು ಬಟ್ಟೆಯ ಗಂಟು ಇಳಿಸಿ, ಚಿಕ್ಕಮ್ಮನ ಕಿವಿಯಲ್ಲಿ ಏನೋ ಹೇಳಿ, ಕೊಟ್ಟ ನೀರನ್ನೂ ಕುಡಿಯದೆ ಹೊರಟ. ಬಾಗಿಲಲ್ಲಿ ಒಂದು ಸಲ ನಿಂತ. ಏನಾದರೂ ಹೇಳುತ್ತಾನೇನೋ ಎಂದು ಮಲ್ಲಕ್ಕ ಕಾದಳು. "ಕನ್ನಡಕ ಜೋಪಾನ," ಎಂದು ಹೇಳಿ ನಡೆದ.

ಕಾಳಕ್ಕ ಅಕ್ಕನಿಗೆ ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿದಳು. ಪಕ್ಕದಲ್ಲೇ ಕೂತು ಬೆನ್ನು ಸವರಿದಳು. ಎಷ್ಟೋ ತಿಂಗಳ ಮೇಲೆ ಮಲ್ಲಕ್ಕ ಹೊಟ್ಟೆ ತುಂಬ ಉಂಡಳು. ಉಂಡಾದ ಮೇಲೆ ಕಾಳಕ್ಕ ಮೆಲ್ಲಗೆ ಕೇಳಿದಳು:

"ನಿಜವಾಗ್ಲೂ ನೀನೇನಾ ಅಕ್ಕ?"

"ಗೊತ್ತಿಲ್ಲ ಕಣೇ. ಓಬಿಗೆ ನಿದ್ದೆ ಬರ್ಲಿ ಅಂತ ಹೂಂ ಅಂದೆ."

ಕಾಳಕ್ಕ ತಲೆಯಾಡಿಸಿದಳು. "ನಂಗೊತ್ತಿತ್ತು. ನೀನು ಅಂಥೋಳಲ್ಲ. ಬಿಡು, ಇಲ್ಲಿ ನಿನ್ನ ಯಾರೂ ಏನೂ ಅನ್ನಲ್ಲ," ಎಂದು ಅಕ್ಕನ ಕಣ್ಣೊರೆಸಿದಳು.

ಆಮೇಲೆ ಎದ್ದು ಅಕ್ಕನಿಗೆ ಪಡಸಾಲೆಯಲ್ಲಿ ಚಾಪೆ ಹಾಸಿದಳು. ಪಡಸಾಲೆಯ ಇನ್ನೊಂದು ಮಗ್ಗುಲಲ್ಲಿ ಅವಳ ಮೊಮ್ಮಗ ತೊಟ್ಟಿಲಲ್ಲಿ ಮಲಗಿದ್ದ. ಕಾಳಕ್ಕ ಒಂದು ಗಳಿಗೆ ನಿಂತು ಚಾಪೆ ನೋಡಿದಳು, ತೊಟ್ಟಿಲು ನೋಡಿದಳು. ತೊಟ್ಟಿಲಿನ ಹಗ್ಗ ಬಿಚ್ಚಿ, ಮಗುವಿನ ಸಮೇತ ಎತ್ತಿಕೊಂಡು ಒಳಮನೆಗೆ ಹೋದಳು. ಮಲ್ಲಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಸುತ್ತಿಟ್ಟಳು. ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿಸಿತು.